ಊಟಕ್ಕಿಲ್ಲದ ಉಪ್ಪಿನಕಾಯಿ: ಸುಡಾನಿನ ಪ್ರಜಾಪ್ರಭುತ್ವ ಮತ್ತು ಹೊರನಾಡಿನ ನೆರವು

ಮಾನ್ಯರೇ,

2023ರ ಏಪ್ರಿಲ್ ತಿಂಗಳಲ್ಲಿ, ನಮ್ಮಲ್ಲಿ ವಿಧಾನಸಭಾ ಚುನಾವಣೆಯ ಕಾವು ಏರುತ್ತಿದ್ದಾಗ, ಸುಡಾನ್ ಎಂಬ ಹೆಸರು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂತು. ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರಿಕೊಂಡು ಬದುಕಲು ಅಲ್ಲಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಮೂವತ್ತಕ್ಕೂ ಹೆಚ್ಚು ಜನ ಗುಂಡಿನ ಕಾಳಗದ ನಡುವೆ ಸಿಕ್ಕಿಬಿದ್ದಿದ್ದರು. ಅವರಲ್ಲಿ ಹಲವರು ಇದ್ದದ್ದು ದಾರ್ಫುರ್ ಪ್ರಾಂತ್ಯದ ಅಲ್-ಫಶೀರ್ ಪಟ್ಟಣದಲ್ಲಿ. ಅವರನ್ನು ಕರೆತರುವ ವಿಚಾರದಲ್ಲಿ ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರ್‌ನಲ್ಲಿ ಮಾತಿನ ಚಕಮಕಿ ನಡೆದದ್ದು ನಿಮಗೆ ನೆನಪಿರಬಹುದು. ಕೇಂದ್ರ ಸರ್ಕಾರದ ತೆರವು ಕಾರ್ಯಾಚರಣೆಗೆ ನಮ್ಮ ನದಿಯ ಹೆಸರನ್ನೇ ಇಟ್ಟರು. 'ಆಪರೇಷನ್ ಕಾವೇರಿ'ಯ ಮೂಲಕ ಪೋರ್ಟ್ ಸುಡಾನ್ ಬಂದರಿನಿಂದ ಜೆದ್ದಾಕ್ಕೆ, ಅಲ್ಲಿಂದ ಭಾರತಕ್ಕೆ 3,800ಕ್ಕೂ ಹೆಚ್ಚು ಜನ ಬಂದಿಳಿದರು. ನಮ್ಮವರು ಮನೆ ಸೇರಿದರು. ಸುದ್ದಿಯೂ ಅಲ್ಲಿಗೆ ಮುಗಿಯಿತು.

ಆದರೆ ಆ ಕಾಳಗಕ್ಕೆ ನಾಲ್ಕು ವರ್ಷ ಮೊದಲು ಅದೇ ದೇಶದ ಜನ, ಕೈಯಲ್ಲಿ ಒಂದು ಕೋಲೂ ಇಲ್ಲದೆ, ಮೂವತ್ತು ವರ್ಷ ಆಳಿದ ಸರ್ವಾಧಿಕಾರಿಯನ್ನು ಇಳಿಸಿದ್ದರು. ಅವರ ಪ್ರಧಾನಿಯನ್ನು ಬರ್ಲಿನ್, ಪ್ಯಾರಿಸ್, ವಾಷಿಂಗ್ಟನ್ ಎಲ್ಲವೂ ಕೊಂಡಾಡಿದ್ದವು. ನೆರವಿನ ಭರವಸೆಗೆ ಕೊರತೆ ಇರಲಿಲ್ಲ. ಹಾಗಿದ್ದೂ ಆ ಪ್ರಯೋಗ ಎರಡೇ ವರ್ಷಕ್ಕೆ ಮುರಿದುಬಿತ್ತು. ಅದಕ್ಕೆ ಸುಡಾನಿನ ಒಳಗಿನ ಕಾರಣಗಳೇ ಮುಖ್ಯ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇಂದು ನಾನು ಮಾತಾಡಬೇಕೆಂದಿರುವುದು ಹೊರಗಿನವರ ಪಾಲಿನ ಬಗ್ಗೆ, ಅದರಲ್ಲೂ ನೆರವು ಯಾವಾಗ ಬಂತು, ಯಾರ ಕೈಗೆ ಬಂತು ಎಂಬ ಎರಡು ಪ್ರಶ್ನೆಗಳ ಬಗ್ಗೆ. ಎಷ್ಟು ಬಂತು ಎಂಬ ಲೆಕ್ಕಕ್ಕಿಂತ ಇವೆರಡೇ ಹೆಚ್ಚು ನಿರ್ಣಾಯಕವಾದವು ಎಂದು ನನ್ನ ತಿಳಿವಳಿಕೆ.

ಮೊದಲು ಸ್ವಲ್ಪ ಹಳೆಯ ಕಥೆ. ಬ್ರಿಟಿಷರು ಸುಡಾನ್ ಬಿಟ್ಟು ಹೋಗುವ ಮುನ್ನ, 1953ರಲ್ಲಿ, ಅಲ್ಲಿ ಮೊದಲ ಸಂಸತ್ ಚುನಾವಣೆ ನಡೆಯಿತು. ಅದನ್ನು ನಡೆಸಲು ನೇಮಿಸಿದ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷರು ಯಾರು ಗೊತ್ತೆ? ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅಕ್ಷರ ಬಾರದ ಕೋಟ್ಯಂತರ ಜನರಿಂದ ಮತ ಹಾಕಿಸಿದ 1951-52ರ ಅನುಭವ ಆಗಿನ್ನೂ ಹಸಿಯಾಗಿತ್ತು. ಅದನ್ನೇ ಅವರು ನೈಲ್ ನದಿಯ ದಂಡೆಗೆ ಒಯ್ದರು. ದೊಡ್ಡ ಮೊತ್ತದ ಧನಸಹಾಯವೇನೂ ಅಲ್ಲ ಅದು, ಒಂದು ಕಸುಬನ್ನು ಹಂಚಿಕೊಂಡ ಕೆಲಸ. ನೆರವು ಆಗ ಎರಡೂ ದಿಕ್ಕಿನಲ್ಲಿ ಹರಿಯುತ್ತಿತ್ತು ಎಂಬುದಕ್ಕೂ ಗುರುತಿದೆ. ಪುಣೆಯ ಬಳಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡಕ್ಕೆ 'ಸುಡಾನ್ ಬ್ಲಾಕ್' ಎಂದು ಹೆಸರು. ಎರಡನೇ ಮಹಾಯುದ್ಧದಲ್ಲಿ ಆ ನೆಲದಲ್ಲಿ ಕಾದಾಡಿದ ಭಾರತೀಯ ಸೈನಿಕರ ನೆನಪಿಗಾಗಿ ಸುಡಾನ್ ಕೊಟ್ಟ ಹಣ ಅದರ ಕಟ್ಟಡಕ್ಕೆ ಸಂದಿದೆ.

1956ರ ಜನವರಿ 1ರಂದು ಸುಡಾನ್ ಸ್ವತಂತ್ರವಾಯಿತು. 1958ರಲ್ಲೇ ಮೊದಲ ಸೇನಾ ದಂಗೆ. ಅಲ್ಲಿಂದ ಮುಂದೆ ಸೇನೆ ಬರುವುದು, ಜನ ಬೀದಿಗಿಳಿದು ಅದನ್ನು ಇಳಿಸುವುದು, ಮತ್ತೆ ಸೇನೆ ಬರುವುದು. 1964ರ ಅಕ್ಟೋಬರ್, 1985ರ ಏಪ್ರಿಲ್, ಮತ್ತೆ 2019ರ ಏಪ್ರಿಲ್, ಹೀಗೆ ಮೂರು ಸಲ ಬೀದಿಯ ಚಳವಳಿಯಿಂದ ಸೇನಾ ಆಡಳಿತಗಾರರನ್ನು ಕೆಳಗಿಳಿಸಿದ ಜನ ಜಗತ್ತಿನಲ್ಲಿ ಹೆಚ್ಚಿಲ್ಲ. ಆದ್ದರಿಂದ 'ಅವರಿಗೆ ಪ್ರಜಾಪ್ರಭುತ್ವ ಹೇಳಿಕೊಡಬೇಕು' ಎಂಬ ದಾನಿ ದೇಶಗಳ ಧಾಟಿ ಕೇಳಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ.

ಮೂರನೆಯ ಸಲದ ಕಿಡಿ ಹೊತ್ತಿದ್ದು ರೊಟ್ಟಿಯಿಂದ. 2018ರ ಡಿಸೆಂಬರ್ 19ರಂದು, ರೈಲ್ವೆ ಕಾರ್ಮಿಕರ ಊರಾದ ಅತ್ಬರಾದಲ್ಲಿ, ಒಂದು ಪೌಂಡಿಗೆ ಸಿಗುತ್ತಿದ್ದ ರೊಟ್ಟಿ ಮೂರು ಪೌಂಡ್ ಆಗಿದೆ ಎಂದು ಜನ ಬೀದಿಗಿಳಿದರು. ಚಳವಳಿ ದೇಶಕ್ಕೆಲ್ಲ ಹಬ್ಬಿತು. ಬಡಾವಣೆಗೊಂದರಂತೆ 'ಪ್ರತಿರೋಧ ಸಮಿತಿ'ಗಳು ಹುಟ್ಟಿಕೊಂಡವು. 2019ರ ಏಪ್ರಿಲ್ 6ರಂದು ರಾಜಧಾನಿ ಖಾರ್ಟೂಮಿನ ಸೇನಾ ಕೇಂದ್ರ ಕಚೇರಿಯ ಎದುರು ಧರಣಿ ಶುರುವಾಯಿತು, 11ರಂದು ಸೇನೆಯೇ ಒಮರ್ ಅಲ್-ಬಶೀರ್ ಅವರನ್ನು ಬಂಧಿಸಿತು. ಜನ ಮನೆಗೆ ಹೋಗಲಿಲ್ಲ, ಅಧಿಕಾರ ನಾಗರಿಕರಿಗೆ ಕೊಡಿ ಎಂದು ಕುಳಿತರು. ಜೂನ್ 3ರ ಬೆಳಗಿನ ಜಾವ ಆ ಧರಣಿಯ ಮೇಲೆ ನುಗ್ಗಿದ ಪಡೆಗಳು ನೂರಕ್ಕೂ ಹೆಚ್ಚು ಜನರನ್ನು ಕೊಂದವು.

ಈ ಹಂತದಲ್ಲಿ ರಾಜತಾಂತ್ರಿಕತೆ ನಿಜಕ್ಕೂ ಕೆಲಸ ಮಾಡಿತು ಎಂದು ಹೇಳಲೇಬೇಕು. ಮೂರೇ ದಿನಗಳಲ್ಲಿ ಆಫ್ರಿಕನ್ ಒಕ್ಕೂಟ ಸುಡಾನನ್ನು ಅಮಾನತಿನಲ್ಲಿಟ್ಟಿತು. ಇಥಿಯೋಪಿಯಾದ ಪ್ರಧಾನಿ ಅಬಿಯ್ ಅಹ್ಮದ್ ಖಾರ್ಟೂಮಿಗೆ ಬಂದರು. ಒಕ್ಕೂಟದ ದೂತರೂ ಇಥಿಯೋಪಿಯಾದ ದೂತರೂ ಎರಡು ತಿಂಗಳು ಕೂತು ಮಾತುಕತೆ ನಡೆಸಿದರು. ಆಗಸ್ಟ್ 17ರಂದು ಸಾಂವಿಧಾನಿಕ ಘೋಷಣೆಗೆ ಸಹಿ ಬಿತ್ತು. ಮೂವತ್ತೊಂಬತ್ತು ತಿಂಗಳ ಮಧ್ಯಂತರ ಅವಧಿ. ಹನ್ನೊಂದು ಜನರ ಸಾರ್ವಭೌಮ ಮಂಡಳಿಗೆ ಮೊದಲು ಸೇನೆಯ ಅಧ್ಯಕ್ಷತೆ, ಆಮೇಲೆ ನಾಗರಿಕರ ಅಧ್ಯಕ್ಷತೆ. ಆಡಳಿತಕ್ಕೆ ನಾಗರಿಕ ಸಂಪುಟ. ಮೂರು ತಿಂಗಳೊಳಗೆ ಶಾಸನ ಸಭೆ. ಅದಿಸ್ ಅಬಾಬಾದಲ್ಲಿ ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗದಲ್ಲಿ ದುಡಿದಿದ್ದ ಅರ್ಥಶಾಸ್ತ್ರಜ್ಞ ಅಬ್ದಲ್ಲಾ ಹಮ್ದೋಕ್ ಪ್ರಧಾನಿಯಾದರು.

ಹಮ್ದೋಕ್ ಅವರ ಕೈಗೆ ಬಂದ ಖಜಾನೆ ಹೇಗಿತ್ತು ಎಂಬುದನ್ನು ತುಸು ನಿಧಾನವಾಗಿ ನೋಡೋಣ. 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದಾಗ ತೈಲದ ಮುಕ್ಕಾಲು ಪಾಲು ಅತ್ತ ಹೋಗಿತ್ತು. ಐವತ್ತು ಶತಕೋಟಿ ಡಾಲರ್ ಮೀರಿದ ವಿದೇಶಿ ಸಾಲದಲ್ಲಿ ಹೆಚ್ಚಿನದು ಸುಸ್ತಿ ಬಾಕಿ. ಸುಸ್ತಿ ಎಂದರೇನೆಂದು ಹಳ್ಳಿಯ ಸಹಕಾರ ಸಂಘದ ಮೆಟ್ಟಿಲು ಹತ್ತಿದ ಯಾರಿಗೂ ವಿವರಿಸಬೇಕಿಲ್ಲ: ಹಳೆಯದು ತೀರಿಸದೆ ಹೊಸದು ಹುಟ್ಟುವುದಿಲ್ಲ, ಹೊಸದು ಹುಟ್ಟದೆ ಹಳೆಯದು ತೀರುವುದಿಲ್ಲ. ಇದರ ಮೇಲೆ ಇನ್ನೊಂದು ಬೀಗ. ಬಿನ್ ಲಾಡೆನ್‌ನಂಥವರಿಗೆ ಬಶೀರ್ ಆಸರೆ ಕೊಟ್ಟಿದ್ದ ಕಾಲದಲ್ಲಿ, 1993ರಲ್ಲಿ, ಅಮೆರಿಕ ಸುಡಾನನ್ನು ಭಯೋತ್ಪಾದನೆಗೆ ಬೆಂಬಲ ನೀಡುವ ದೇಶಗಳ ಪಟ್ಟಿಗೆ ಸೇರಿಸಿತ್ತು. ಆ ಪಟ್ಟಿಯಲ್ಲಿರುವ ದೇಶಕ್ಕೆ ವಿಶ್ವಬ್ಯಾಂಕ್ ಅಥವಾ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ ಕೊಡಹೊರಟರೆ ಅಮೆರಿಕ ಅದನ್ನು ವಿರೋಧಿಸಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಅಂದರೆ ಬಶೀರ್ ಜೈಲಿನಲ್ಲಿದ್ದರು, ಅವರ ಪಾಪದ ದಂಡವನ್ನು ಅವರನ್ನು ಇಳಿಸಿದವರು ಕಟ್ಟುತ್ತಿದ್ದರು.

ಆ ಪಟ್ಟಿಯಿಂದ ಹೆಸರು ತೆಗೆಯಲು ಎಷ್ಟು ಕಾಲ ಹಿಡಿಯಿತು? ಹಮ್ದೋಕ್ ಅಧಿಕಾರಕ್ಕೆ ಬಂದು ಹದಿನಾರು ತಿಂಗಳು, 2020ರ ಡಿಸೆಂಬರ್ 14ರ ತನಕ. ಅದಕ್ಕೆ ಎರಡು ಬೆಲೆ. ಬಿನ್ ಲಾಡೆನ್‌ನ ಅಲ್-ಖೈದಾ ನಡೆಸಿದ ನೈರೋಬಿ ಮತ್ತು ದಾರ್-ಎಸ್-ಸಲಾಮ್‌ಗಳ ಅಮೆರಿಕನ್ ರಾಯಭಾರ ಕಚೇರಿ ಸ್ಫೋಟ, ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಕೋಲ್ ಮೇಲಿನ ದಾಳಿ ಇವುಗಳ ಸಂತ್ರಸ್ತರಿಗಾಗಿ 33.5 ಕೋಟಿ ಡಾಲರ್ ಪರಿಹಾರ ಒಂದು. ಸಂತ್ರಸ್ತರ ಹಕ್ಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ರೊಟ್ಟಿಗೆ ಸಾಲು ನಿಂತ ದೇಶ ಡಾಲರ್ ಹೊಂದಿಸಿ ಮೊದಲು ಕಟ್ಟಬೇಕಾದದ್ದು ಅದನ್ನು. ಇನ್ನೊಂದು ಬೆಲೆ, ಇಸ್ರೇಲ್ ಜೊತೆ ಸಂಬಂಧ. 2020ರ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಪೊಂಪಿಯೊ ಟೆಲ್ ಅವೀವ್‌ನಿಂದ ನೇರವಾಗಿ ಖಾರ್ಟೂಮಿಗೆ ಹಾರಿ ಬಂದಾಗ, ಇಂಥ ದೊಡ್ಡ ತೀರ್ಮಾನ ಮಾಡುವ ಅಧಿಕಾರ ಮಧ್ಯಂತರ ಸರ್ಕಾರಕ್ಕಿಲ್ಲ, ಅದು ಜನ ಆರಿಸುವ ಸಂಸ್ಥೆಗೆ ಸೇರಿದ್ದು ಎಂದು ಹಮ್ದೋಕ್ ಉತ್ತರಿಸಿದರು. ಇದಕ್ಕಿಂತ ಪ್ರಜಾಪ್ರಭುತ್ವದ ಉತ್ತರ ಇನ್ನೇನಿದ್ದೀತು? ಅದಕ್ಕೆ ಮೊದಲೇ, ಫೆಬ್ರುವರಿಯಲ್ಲಿ, ಸಾರ್ವಭೌಮ ಮಂಡಳಿಯ ಅಧ್ಯಕ್ಷ ಜನರಲ್ ಬುರ್ಹಾನ್ ಸಂಪುಟಕ್ಕೆ ತಿಳಿಸದೆ ಉಗಾಂಡದ ಎಂಟೆಬೆಗೆ ಹೋಗಿ ನೆತನ್ಯಾಹು ಅವರನ್ನು ಭೇಟಿಯಾಗಿ ಬಂದಿದ್ದರು. ಅಕ್ಟೋಬರ್‌ನಲ್ಲಿ ಒಪ್ಪಂದ ಪ್ರಕಟವಾಯಿತು. ಕೆಲಸ ಆಗಬೇಕಿದ್ದರೆ ಸಮವಸ್ತ್ರದವರ ಬಾಗಿಲು ತಟ್ಟಬೇಕು ಎಂಬ ಪಾಠವನ್ನು ಪ್ರಜಾಪ್ರಭುತ್ವದ ಬೆಂಬಲಿಗರೆಂದು ಹೇಳಿಕೊಂಡವರೇ ಜನರಲ್‌ಗಳಿಗೆ ಕಲಿಸಿಕೊಟ್ಟರು.

ಹೋಲಿಕೆಗೆ ಇನ್ನೊಂದು ತಾರೀಖು ಹೇಳುತ್ತೇನೆ. ಬಶೀರ್ ಬಿದ್ದದ್ದು 2019ರ ಏಪ್ರಿಲ್ 11ಕ್ಕೆ. ಸೌದಿ ಅರೇಬಿಯ ಮತ್ತು ಯುಎಇ ಮೂರು ಶತಕೋಟಿ ಡಾಲರ್ ನೆರವು ಘೋಷಿಸಿದ್ದು ಏಪ್ರಿಲ್ 21ಕ್ಕೆ. ಅದರಲ್ಲಿ 50 ಕೋಟಿ ಡಾಲರ್ ಸುಡಾನಿನ ಕೇಂದ್ರ ಬ್ಯಾಂಕಿನಲ್ಲಿ ಇಡುವ ಠೇವಣಿ. ಆಗ ಅಧಿಕಾರದಲ್ಲಿದ್ದದ್ದು ಸೇನಾ ಮಂಡಳಿ. ಸೇನೆಗೆ ಹತ್ತು ದಿನ, ನಾಗರಿಕರಿಗೆ ಹದಿನಾರು ತಿಂಗಳು.

2020ರ ಜೂನ್ 25ರ ಬರ್ಲಿನ್ ಸಮ್ಮೇಳನದಲ್ಲಿ 'ಸುಡಾನಿನ ಮಿತ್ರರು' 1.8 ಶತಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಕೋವಿಡ್ ಕಾಲವಾದ್ದರಿಂದ ಎಲ್ಲವೂ ಪರದೆಯ ಮೇಲೆ. ಆ ಹಣದ ಮುಖ್ಯ ಬಳಕೆ ಒಂದು ಕುಟುಂಬ ನೆರವಿನ ಯೋಜನೆಗೆ. ಅರಬಿಯಲ್ಲಿ ಅದರ ಹೆಸರು 'ಥಮರಾತ್', ಎಂದರೆ ಫಲಗಳು. ಜನಸಂಖ್ಯೆಯ ಶೇ 80ರಷ್ಟು ಮಂದಿಗೆ ತಲೆಗೆ ತಿಂಗಳಿಗೆ ಐದು ಡಾಲರ್ ನಗದು. ಸಬ್ಸಿಡಿ ತೆಗೆದಾಗ ಆಗುವ ನೋವಿಗೆ ಮುಲಾಮು ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಯೋಜನೆ ಚೆನ್ನಾಗಿಯೇ ಇತ್ತು.

ಈಗ ನೋವು ಯಾವಾಗ ಬಂತು, ಮುಲಾಮು ಯಾವಾಗ ಬಂತು ಎಂದು ನೋಡಿ. 2020ರಲ್ಲಿ ಐಎಂಎಫ್ ಸುಡಾನಿಗೆ ಕೊಟ್ಟದ್ದು ತನ್ನ ನಿಗಾದ ಕಾರ್ಯಕ್ರಮವೊಂದನ್ನು ಮಾತ್ರ; ಅದರಲ್ಲಿ ಷರತ್ತುಗಳಿರುತ್ತವೆ, ಹಣ ಇರುವುದಿಲ್ಲ. ಷರತ್ತು ಪಾಲಿಸಿದವರಿಗೆ ಮುಂದಿನ ತರಗತಿಗೆ ಪ್ರವೇಶ. ಅದರಂತೆ ಇಂಧನದ ಸಬ್ಸಿಡಿ ಇಳಿಯಿತು. 2021ರ ಫೆಬ್ರುವರಿ 21ರಂದು ಸರ್ಕಾರ ನಾಣ್ಯವನ್ನು ಅಪಮೌಲ್ಯಗೊಳಿಸಿತು: ಹಿಂದಿನ ದಿನ ಡಾಲರಿಗೆ 55 ಪೌಂಡ್ ಇದ್ದದ್ದು ಅಂದು 375. ಕಾಳಸಂತೆಯ ದರ ಮೊದಲೇ ಅಷ್ಟಕ್ಕೆ ಹೋಗಿತ್ತು ನಿಜ, ಆದರೆ ಸರ್ಕಾರಿ ದರದಲ್ಲಿ ತರಿಸುತ್ತಿದ್ದ ಔಷಧಿಗೂ ಇಂಧನಕ್ಕೂ ಅದುವರೆಗೆ ಇದ್ದ ತೆಳುವಾದ ರಕ್ಷೆ ಹೋಯಿತು. ಜೂನ್‌ನಲ್ಲಿ ಪೆಟ್ರೋಲ್ ಬೆಲೆ ಒಂದೇ ಏಟಿಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆ ತಿಂಗಳ ಹೊತ್ತಿಗೆ ವಾರ್ಷಿಕ ಹಣದುಬ್ಬರ ಶೇ 400ನ್ನು ದಾಟಿತ್ತು. ಥಮರಾತ್ ಯೋಜನೆಗೆ ಅಧಿಕೃತ ಚಾಲನೆ ಸಿಕ್ಕಿದ್ದು 2021ರ ಫೆಬ್ರುವರಿ 24ಕ್ಕೆ, ಅಪಮೌಲ್ಯವಾದ ಮೂರು ದಿನಕ್ಕೆ, ಬರ್ಲಿನ್ ಘೋಷಣೆಯಾದ ಎಂಟು ತಿಂಗಳಿಗೆ. ಹೆಸರು ನೋಂದಾಯಿಸಬೇಕು, ಗುರುತಿನ ಸಂಖ್ಯೆ ಹೊಂದಿಸಬೇಕು, ಬ್ಯಾಂಕೇ ಇಲ್ಲದ ಊರಿಗೆ ಹಣ ಮುಟ್ಟಿಸಬೇಕು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆ ಮೂರೂ ಇರುವ ನಮ್ಮಲ್ಲೇ ಖಾತೆಗೆ ಹಣ ಬರಲಿಲ್ಲವೆಂದು ಹೆಂಗಸರು ನಾಡಕಚೇರಿಗೆ ಅಲೆಯುವುದನ್ನು ಕಂಡವರಿಗೆ ಅಲ್ಲಿನ ಪಾಡು ಊಹೆಗೆ ನಿಲುಕುತ್ತದೆ. ಆ ವರ್ಷದ ಅಕ್ಟೋಬರ್ ಬಂದರೂ ಹಣ ಮುಟ್ಟಿದ್ದು ಗುರಿಯ ಸಣ್ಣ ಪಾಲಿನ ಕುಟುಂಬಗಳಿಗೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಾವು ಯಾವುದಕ್ಕೆ ಹೇಳುತ್ತೇವೋ ಅದು ಇದೇ.

ಸಾಲದ ಕಥೆಯೂ ಕುತೂಹಲದ್ದು. ನಮ್ಮ ಕಡೆ ಸಹಕಾರ ಸಂಘದ ಸುಸ್ತಿ ತೀರಿಸಲು ರೈತ ಒಂದು ದಿನದ ಮಟ್ಟಿಗೆ ಕೈಸಾಲ ತಂದು ಕಟ್ಟಿ, ಮರುದಿನ ಹೊಸ ಸಾಲ ಎತ್ತಿ ಕೈಸಾಲ ತೀರಿಸುವುದುಂಟು. 2021ರ ಮಾರ್ಚ್‌ನಲ್ಲಿ ಅಮೆರಿಕ 1.15 ಶತಕೋಟಿ ಡಾಲರಿನ ಕೈಸಾಲ ಕೊಟ್ಟು ವಿಶ್ವಬ್ಯಾಂಕಿನ ಸುಸ್ತಿ ತೀರಿಸಿದ್ದು ಥೇಟ್ ಹೀಗೆಯೇ. ಮೇ ತಿಂಗಳ ಪ್ಯಾರಿಸ್ ಸಮ್ಮೇಳನದಲ್ಲಿ ಐಎಂಎಫ್ ಬಾಕಿಗೆ ಫ್ರಾನ್ಸ್ 1.5 ಶತಕೋಟಿ ಡಾಲರಿನ ಕೈಸಾಲಕ್ಕೆ ಒಪ್ಪಿತು. ಜೂನ್ 29ರಂದು, ಭಾರೀ ಸಾಲದಲ್ಲಿರುವ ಬಡ ದೇಶಗಳ ಸಾಲ ಪರಿಹಾರ ಯೋಜನೆಗೆ ಸುಡಾನ್ ಅರ್ಹವಾಯಿತು. ಎಲ್ಲ ಹಂತ ಮುಗಿದರೆ 56 ಶತಕೋಟಿ ಡಾಲರಿನ ಸಾಲ ಸುಮಾರು ಆರು ಶತಕೋಟಿಗೆ ಇಳಿಯಬೇಕಿತ್ತು. ಈ ಕೆಲಸ ಕೈಗೊಂಡವರ ದೃಷ್ಟಿಯಲ್ಲಿ ಇದು ದಾಖಲೆಯ ವೇಗ. ಹಮ್ದೋಕ್ ಸರ್ಕಾರದ ಅತಿ ದೊಡ್ಡ ಸಾಧನೆಯೂ ಇದೇ. ಆದರೆ ಸಾಲ ಮನ್ನಾ ಎಂಬುದು ಬೇಕರಿಯ ಮುಂದೆ ನಿಂತವನ ಕಣ್ಣಿಗೆ ಕಾಣುವ ವಸ್ತುವಲ್ಲ.

ಎರಡನೆಯ ಪ್ರಶ್ನೆ, ನೆರವು ಯಾರ ಕೈಗೆ ಎಂಬುದು. ಸುಡಾನಿನಲ್ಲಿ ಸೇನೆ ಎಂದರೆ ಬಂದೂಕು ಹಿಡಿದವರಷ್ಟೇ ಅಲ್ಲ. ಹಿಟ್ಟಿನ ಗಿರಣಿ, ಮಾಂಸದ ರಫ್ತು, ಚಿನ್ನ, ಕಟ್ಟಡ ಕಾಮಗಾರಿ ಹೀಗೆ ಹತ್ತು ಹಲವು ಕಂಪನಿಗಳ ಒಡೆತನ ಸೇನೆಯದು ಮತ್ತು ಅದರ ಜೊತೆಗಾರ ಪಡೆಗಳದು. ದಾರ್ಫುರದ ಜಂಜಾವೀದ್ ಎಂಬ ಶಸ್ತ್ರಧಾರಿ ದಂಡುಗಳಿಂದ ಬೆಳೆದ 'ಕ್ಷಿಪ್ರ ಬೆಂಬಲ ಪಡೆ'ಯ ನಾಯಕ ಮೊಹಮದ್ ಹಮ್ದಾನ್ ದಗಾಲೊ, ಅಂದರೆ ಹೆಮೆದ್ತಿ, ಚಿನ್ನದ ವ್ಯಾಪಾರದಿಂದಲೂ ಯೆಮನ್ ಯುದ್ಧಕ್ಕೆ ಆಳು ಕಳಿಸಿದ ಸಂಬಳದಿಂದಲೂ ತನ್ನದೇ ಖಜಾನೆ ಕಟ್ಟಿಕೊಂಡಿದ್ದರು. ಸೇನೆಯ ಕಂಪನಿಗಳು ಹಣಕಾಸು ಸಚಿವಾಲಯದ ಲೆಕ್ಕಕ್ಕೆ ಬರಬೇಕೆಂದು ಹಮ್ದೋಕ್ ಬಹಿರಂಗವಾಗಿಯೇ ಕೇಳಿದರು. ದಾನಿ ದೇಶಗಳ ಷರತ್ತುಪಟ್ಟಿಯಲ್ಲೂ ಆ ಮಾತು ಬರೆಯಲಾಗಿತ್ತು. ಆದರೆ ಪೆಟ್ರೋಲ್ ಸಬ್ಸಿಡಿ ತೆಗೆಯುವ ಷರತ್ತಿಗೆ ಗಡುವು ಇತ್ತು, ಅಳತೆ ಇತ್ತು. ಇದಕ್ಕೆ ಆ ಬಿಗಿ ಇರಲಿಲ್ಲ. ಸಚಿವ ಸಂಪುಟದಿಂದ ಲೆಕ್ಕ ಕೇಳುವುದು ಸುಲಭ, ಜನರಲ್‌ಗಳಿಂದ ಕೇಳುವುದು ಕಷ್ಟ. ಹೊರಗಿನವರು ಸುಲಭದ ಕೆಲಸ ಮಾಡಿದರು.

ಶಾಸನ ಸಭೆಯದೂ ಇದೇ ಹಾಡು. ಮೂರು ತಿಂಗಳಲ್ಲಿ ಆಗಬೇಕಿದ್ದದ್ದು ಎರಡು ವರ್ಷವಾದರೂ ಆಗಲಿಲ್ಲ. ಕುರ್ಚಿ ಹಂಚಿಕೆಯಲ್ಲಿ ಚಳವಳಿಯ ಪಕ್ಷ-ಸಂಘಟನೆಗಳ ನಾಗರಿಕ ಕೂಟವೇ ಒಡೆಯಿತು; 2020ರ ಅಕ್ಟೋಬರ್‌ನ ಜುಬಾ ಶಾಂತಿ ಒಪ್ಪಂದದಿಂದ ಬಂಡಾಯ ನಾಯಕರು ಬಂದು ಪಾಲು ಕೇಳಿದರು. ತಪ್ಪು ಸುಡಾನಿಗರದೇ. ಆದರೆ ಪ್ರತಿ ಸಮ್ಮೇಳನದ ಹೇಳಿಕೆಯಲ್ಲೂ ಪ್ರಜಾಪ್ರಭುತ್ವದ ಹೆಸರೆತ್ತುತ್ತಿದ್ದ ಮಿತ್ರರಾಷ್ಟ್ರಗಳಿಗೆ ಪ್ರತಿನಿಧಿ ಸಭೆಯೇ ಇಲ್ಲದ ಪ್ರಜಾಪ್ರಭುತ್ವ ಅಷ್ಟೇನೂ ತೊಡಕೆನಿಸಲಿಲ್ಲ. ಪ್ರಧಾನಿಯ ಕಚೇರಿಯೊಂದಿದ್ದರೆ ಅವರ ಕಡತ ಮುಂದೆ ಹೋಗುತ್ತಿತ್ತು. ಅತ್ತ ಊರೂರಿನಲ್ಲಿ ಬೇರುಬಿಟ್ಟಿದ್ದ ಪ್ರತಿರೋಧ ಸಮಿತಿಗಳಿಗೆ ಆ ಕಚೇರಿಯಲ್ಲಿ ಜಾಗವಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2021ರ ಸೆಪ್ಟೆಂಬರ್‌ನಲ್ಲಿ ಪೂರ್ವದ ಬೇಜಾ ಬುಡಕಟ್ಟಿನ ಮುಖಂಡರು ಪೋರ್ಟ್ ಸುಡಾನ್ ಬಂದರನ್ನು ತಡೆದರು, ರಾಜಧಾನಿಯಲ್ಲಿ ರೊಟ್ಟಿಯ ಸಾಲು ಮತ್ತೆ ಉದ್ದವಾಯಿತು, ಸೇನೆ ಕೈಕಟ್ಟಿ ನೋಡಿತು. ಅಮೆರಿಕದ ವಿಶೇಷ ದೂತ ಜೆಫ್ರಿ ಫೆಲ್ಟ್‌ಮನ್ ಜನರಲ್‌ಗಳನ್ನು ಕಂಡು ಮಾತಾಡಿ ವಿಮಾನ ಹತ್ತಿದ ಕೆಲವೇ ಗಂಟೆಗಳಲ್ಲಿ, ಅಕ್ಟೋಬರ್ 25ರ ಬೆಳಗಿನ ಜಾವ, ಸೇನೆ ದಂಗೆಯೆದ್ದು ಹಮ್ದೋಕ್ ಬಂಧನದಲ್ಲಿದ್ದರು. ಅಮೆರಿಕ 70 ಕೋಟಿ ಡಾಲರ್ ನೆರವು ತಡೆಹಿಡಿಯಿತು. ವಿಶ್ವಬ್ಯಾಂಕ್ ಪಾವತಿ ನಿಲ್ಲಿಸಿತು, ಅದರೊಂದಿಗೆ ತಿಂಗಳಿಗೆ ಐದು ಡಾಲರೂ ನಿಂತಿತು. ಸೇನೆಯ ಕಂಪನಿಗಳು ಎಂದಿನಂತೆ ನಡೆದವು. ನವೆಂಬರ್‌ನಲ್ಲಿ ಜನರಲ್‌ಗಳು ಹಮ್ದೋಕ್ ಅವರನ್ನು ಮತ್ತೆ ಪ್ರಧಾನಿಯಾಗಿ ಕೂರಿಸಿದರು, ಜನ ಒಪ್ಪಲಿಲ್ಲ, 2022ರ ಜನವರಿ 2ರಂದು ಅವರು ರಾಜೀನಾಮೆ ಕೊಟ್ಟರು. ಆ ದಿನಗಳಲ್ಲಿ ಪ್ರತಿರೋಧ ಸಮಿತಿಗಳ ಘೋಷಣೆ ಮೂರು 'ಇಲ್ಲ'ಗಳದು: ಮಾತುಕತೆ ಇಲ್ಲ, ಪಾಲುದಾರಿಕೆ ಇಲ್ಲ, ಮಾನ್ಯತೆ ಇಲ್ಲ. ರಾಯಭಾರಿಗಳಿಗೆ ಇದು ಹುಡುಗರ ಹಟವಾಗಿ ಕಂಡಿತು. ಅವರು ಇನ್ನೊಂದು ಒಪ್ಪಂದದ ಕರಡು ಬರೆಸಿದರು. ಸೇನೆ ಮತ್ತು ಕ್ಷಿಪ್ರ ಬೆಂಬಲ ಪಡೆ ಎರಡನ್ನೂ ಎಷ್ಟು ವರ್ಷದಲ್ಲಿ ಒಂದಾಗಿಸಬೇಕು ಎಂಬ ಪ್ರಶ್ನೆಗೆ ಬಂದು ಅದು ನಿಂತಿತು. 2023ರ ಏಪ್ರಿಲ್ 15ರಂದು ಬುರ್ಹಾನ್ ಸೇನೆಯೂ ಹೆಮೆದ್ತಿ ಪಡೆಯೂ ಖಾರ್ಟೂಮಿನ ಬೀದಿಗಳಲ್ಲೇ ಕಾದಾಡತೊಡಗಿದವು. ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ನಮ್ಮ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದ ಅಲ್-ಫಶೀರ್, ದೀರ್ಘ ಮುತ್ತಿಗೆಯ ಬಳಿಕ, 2025ರ ಅಕ್ಟೋಬರ್‌ನಲ್ಲಿ ಹೆಮೆದ್ತಿ ಪಡೆಯ ವಶವಾಯಿತು.

ಭಾರತ ಏನು ಮಾಡಿತು ಎಂದು ನೀವು ಕೇಳಬಹುದು. ಬಶೀರ್ ಕಾಲದಲ್ಲಿ, 2003ರಲ್ಲಿ, ನಮ್ಮ ಒಎನ್‌ಜಿಸಿ ವಿದೇಶ್ ಅಲ್ಲಿನ ಮುಖ್ಯ ತೈಲ ಯೋಜನೆಯಲ್ಲಿ ಶೇ 25ರ ಪಾಲು ಕೊಂಡಿತ್ತು. ಕೋಸ್ತಿಯ ವಿದ್ಯುತ್ ಸ್ಥಾವರವನ್ನು ಭಾರತದ ಸಾಲದಲ್ಲಿ ಬಿಎಚ್‌ಇಎಲ್ ಕಟ್ಟಿತು. ನಾಗರಿಕ ಸರ್ಕಾರದ ಕಾಲದಲ್ಲಿ, 2020ರ ನವೆಂಬರ್ 2ರಂದು, ಐಎನ್‌ಎಸ್ ಐರಾವತ್ ಹಡಗು 100 ಟನ್ ಆಹಾರ ಹೊತ್ತು ಪೋರ್ಟ್ ಸುಡಾನ್ ತಲುಪಿತು. ಸುಕುಮಾರ್ ಸೇನ್ ಅವರಂಥ ಇನ್ನೊಬ್ಬರನ್ನು ಕಳಿಸುವ ಸಂದರ್ಭ ಒದಗಲೇ ಇಲ್ಲ. ಚುನಾವಣೆಯ ತನಕ ದೇಶ ತಲುಪಲಿಲ್ಲವಲ್ಲ.

ಈ ಭಾಷಣ ಮುಗಿದ ಮೇಲೆ ಸಭೆಯಲ್ಲಿದ್ದ ವಿದ್ಯಾರ್ಥಿನಿಯೊಬ್ಬರು ಎದ್ದು, 'ಹಾಗಾದರೆ ಈಗ ಸಹಾಯ ಮಾಡುವುದಾದರೆ ಯಾರಿಗೆ ಮಾಡಬೇಕು ಸಾರ್?' ಎಂದು ಕೇಳಿದರು. ಅಂದು ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ. ಯುದ್ಧ ಶುರುವಾದ ಮೇಲೆ ಅದೇ ಪ್ರತಿರೋಧ ಸಮಿತಿಗಳ ಹುಡುಗ ಹುಡುಗಿಯರು 'ತುರ್ತು ಸ್ಪಂದನಾ ಕೊಠಡಿ'ಗಳನ್ನು ತೆರೆದರು. ಗುಂಡು ಹಾರುವ ಬಡಾವಣೆಗಳಲ್ಲಿ ಗಾಯಾಳುಗಳನ್ನು ಸಾಗಿಸಿದರು, ಕುಡಿಯುವ ನೀರು ಹೊಂದಿಸಿದರು. 'ತಕಾಯಾ' ಎಂದು ಕರೆಯುವ ಸಮುದಾಯದ ಅಡುಗೆಮನೆಗಳಲ್ಲಿ ದೊಡ್ಡ ಹಂಡೆ ಇಟ್ಟು ಬೇಳೆಯನ್ನೋ 'ಫೂಲ್' ಕಾಳನ್ನೋ ಬೇಯಿಸಿ, ಪಾತ್ರೆ ಹಿಡಿದು ಬಂದ ಮಕ್ಕಳಿಗೆ ಬಡಿಸಿದರು. ಗಲ್ಫ್‌ನಲ್ಲೋ ಯುರೋಪಿನಲ್ಲೋ ಇರುವ ಬಂಧುಗಳು 'ಬಂಕಕ್' ಎಂಬ ಮೊಬೈಲ್ ಆ್ಯಪ್ ಮೂಲಕ ಹಣ ಕಳಿಸುತ್ತಿದ್ದರು. ಅಮೆರಿಕದ ನೆರವಿನಿಂದ ಬಂದ ನಗದೂ ನೂರಾರು ಅಡುಗೆಮನೆಗಳ ಒಲೆ ಉರಿಸುತ್ತಿತ್ತು. 2021ರ ದಂಗೆ ನಡೆಸಿದ ಇಬ್ಬರು ಸೇನಾನಾಯಕರ ಮೇಲೆ ಅಮೆರಿಕ ವೈಯಕ್ತಿಕ ನಿರ್ಬಂಧ ಹೇರಿದ್ದು ಮೂರು ವರ್ಷದ ಮೇಲೆ: ಹೆಮೆದ್ತಿ ಮೇಲೆ 2025ರ ಜನವರಿ 7ರಂದು, ಬುರ್ಹಾನ್ ಮೇಲೆ ಜನವರಿ 16ರಂದು. ಅದೇ ಜನವರಿಯ 20ರಂದು ವಾಷಿಂಗ್ಟನ್‌ನಲ್ಲಿ ಹೊಸ ಸರ್ಕಾರ ಬಂತು, ವಿದೇಶಿ ನೆರವನ್ನೆಲ್ಲ ತಡೆಹಿಡಿಯುವ ಆದೇಶ ಹೊರಟಿತು, ಮತ್ತು ಕೆಲವೇ ದಿನಗಳಲ್ಲಿ ಆ ಅಡುಗೆಮನೆಗಳಲ್ಲಿ ನೂರಾರು ಮುಚ್ಚಿದವು.